ಮಿಂಚು ತಗಡಿನ ಬಾಗು

ಪೀಣ್ಯ ಎರಡನೇ ಹಂತದಲ್ಲಿರುವ ರಾಜೇಂದ್ರನ ಶೆಡ್ಡಿನಲ್ಲಿ ಅಡುಗೆಮನೆ ಕಪಾಟಿನ ಕೀಲು, ಹಿಡಿಕೆ, ಹೋಟೆಲುಗಳ ಕೈಒರೆಸುವ ಕಾಗದದ ಡಬ್ಬಿ ಇಂಥವೇ ತಯಾರಾಗುತ್ತಿದ್ದವು. ಕೆಲವರ ಊಟದ ಡಬ್ಬಿಯಲ್ಲಿ ಬಂದದ್ದು ಬಿಟ್ಟರೆ ಮೀನಿಗೆ ಸಂಬಂಧಪಟ್ಟ ಯಾವುದೂ ಆ ಶೆಡ್ಡಿನ ಹೊಸಿಲು ದಾಟಿರಲಿಲ್ಲ. ಆ ಡಬ್ಬಿಗಳ ಮುಚ್ಚಳ ತೆಗೆಯುವ ಹೊತ್ತಿಗೆ ಮಹಾನಂದಾ ತನ್ನ ರೊಟ್ಟಿ ಗಂಟು ಹಿಡಿದು ಗೇಟಿನ ಪಕ್ಕದ ಕಟ್ಟೆಗೆ ಹೋಗಿ ಕೂತಿರುತ್ತಿದ್ದಳು. ಬಾದಾಮಿ ಕಡೆಯವಳು, ಹುಟ್ಟಿದಾಗಿನಿಂದ ಮೀನಿನ ವಾಸನೆ ತಾಕಿಸಿಕೊಂಡವಳಲ್ಲ. ಚಿಕ್ಕಬಾಣಾವರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಂಬತ್ತು ವರ್ಷದಿಂದ ಇದೇ ಶೆಡ್ಡಿಗೆ ಬರುತ್ತಿದ್ದಳು. ತಯಾರಾದ ಮಾಲನ್ನು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ನೋಡಿ, ಗೀರು, ಕಲೆ, ಒರಟು ಅಂಚು ಇದ್ದರೆ ಪಕ್ಕಕ್ಕೆಸೆದು, ಉಳಿದದ್ದನ್ನು ಒರೆಸಿ ಪೆಟ್ಟಿಗೆಗೆ ಹಾಕಿ, ತಪಾಸಣೆ ಹಾಳೆಗೆ ಸಹಿ ಮಾಡುವುದು ಅವಳ ಕೆಲಸ.

ಹೀಗಿರುವಾಗ ಒಂದು ಸೋಮವಾರ ಮಲ್ಪೆಯಿಂದ ಪರಮಾನಂದ ಬಂದ. ಮೊದಲು ದೋಣಿಯಲ್ಲಿ ಮೀನು ಹಿಡಿಯುತ್ತಿದ್ದವನು, ಈಗ ಬಂದರಿನ ಹತ್ತಿರ ಬಲೆ, ಗಾಳ, ಹಗ್ಗ ಮಾರುವ ಅಂಗಡಿ ಇಟ್ಟಿದ್ದ. ಜೊತೆಗೆ ಒಂದು ಸಣ್ಣ ದೋಣಿಯೂ ಇತ್ತು, ಬೇರೆ ಊರುಗಳಿಂದ ಬಂದ ಶೋಕಿಯವರನ್ನು ಮೀನು ಹಿಡಿಯಲು ಆಳ ಸಮುದ್ರಕ್ಕೆ ಕರೆದುಕೊಂಡು ಹೋಗಲು. ಅವನು ಪೇಪರಿನಲ್ಲಿ ಸುತ್ತಿಕೊಂಡು ತಂದಿದ್ದ ಒಂದು ವಿದೇಶಿ ತಗಡನ್ನು ಮೇಜಿನ ಮೇಲಿಟ್ಟ. ಗೇಣುದ್ದದ ಸ್ಟೀಲು, ಎರಡೂ ತುದಿಗೆ ತೂತು. ಒಂದು ಮುಖ ಕನ್ನಡಿಯ ಹಾಗೆ, ಇನ್ನೊಂದು ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಮಂಕು. ಒಂದು ಮೂಲೆ ಮಾತ್ರ ಸ್ವಲ್ಪ ಮೇಲಕ್ಕೆ ಬಾಗಿತ್ತು.

"ದೋಣಿ ಮೆಲ್ಲ ಹೋಗ್ತಾ ಇರ್ತದೆ, ಇದು ಹಿಂದೆ ನೀರಲ್ಲಿ ಬರ್ತದೆ," ಎಂದು ಪರಮಾನಂದ ವಿವರಿಸಿದ. "ಹೊರಳಿ ಹೊರಳಿ ಮಿಂಚ್ತದೆ. ದೂರದ ದೊಡ್ಡ ಮೀನಿಗೆ ಅದು ಸಣ್ಣ ಮೀನಿನ ಹಿಂಡಿನ ಹಾಗೆ ಕಾಣೋದು. ಆಸೆಗೆ ಹತ್ತಿರ ಬರ್ತದೆ."

ರಾಜೇಂದ್ರ ತಗಡನ್ನು ಹಿಂದುಮುಂದು ಮಾಡಿದ. "ಗಾಳ ಎಲ್ಲಿದೆ ಇದರಲ್ಲಿ?"

"ಇದಕ್ಕೆ ಗಾಳ ಇಲ್ಲ ಮಾರಾಯ್ರೆ. ಇದು ಕರೆಯೋದು ಮಾತ್ರ. ಹಿಡಿಯೋದು ಇದರ ಹಿಂದೆ ಮೂರು ಮೊಳ ಬಿಟ್ಟು ಬರ್ತದೆ."

ಕರೆಯುವುದು ಮಾತ್ರ ಎಂಬ ಮಾತು ರಾಜೇಂದ್ರನಿಗೆ ಬಹಳ ಹಿಡಿಸಿತು. ಅವನು ಸ್ವತಃ ಹೊಳೆಯುವ ವಿಸಿಟಿಂಗ್ ಕಾರ್ಡು ಮಾಡಿಸಿದವನು. ಅದರಲ್ಲಿ ಹೆಸರಿನ ಕೆಳಗೆ 'ಫೌಂಡರ್ ಅಂಡ್ ವಿಷನರಿ' ಎಂದಿತ್ತು. ಶೆಡ್ಡಿನ ತಗಡಿನ ಮಾಡು ಮೂರು ಕಡೆ ಸೋರುತ್ತಿದ್ದರೂ ಬಾಗಿಲಿಗೆ ತಾನೇ ತೆರೆದುಕೊಳ್ಳುವ ಗಾಜು ಹಾಕಿಸಿದ್ದ. ಕರೆಂಟು ಹೋದಾಗ ಅದನ್ನು ಇಬ್ಬರು ಸೇರಿ ತಳ್ಳಬೇಕಿತ್ತು.

ಮಾದರಿಯಂತೆ ಸಾವಿರ ತಗಡು ಮಾಡಿಕೊಡುವ ಒಪ್ಪಂದವಾಯಿತು. ಕೆಲಸಗಾರರು ಅದಕ್ಕೆ 'ಮಿಂಚು ತಗಡು' ಎಂದು ಹೆಸರಿಟ್ಟರು. ಮಹಾನಂದಾ ಮಾದರಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ಅರ್ಧ ದಿನ ನೋಡಿದಳು. ಪೆಟ್ಟಿಗೆಯ ರಟ್ಟು ಕತ್ತರಿಸಿ, ಬಾಗಿದ ಮೂಲೆಗೆ ಒತ್ತಿ ಹಿಡಿದು, ಅದೇ ಓರೆಗೆ ಮಡಚಿ ಅಳತೆ ಮಾಡಿಕೊಂಡಳು. ಮೊದಲ ಇಪ್ಪತ್ತೈದನ್ನು ಹಾಗೇ ಮಾಡಿ ಕಳಿಸಿದರು. ಮಲ್ಪೆಯಿಂದ ಸರಿಯಿದೆ ಎಂದು ಸುದ್ದಿ ಬಂತು. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಆದರೆ ಸರಿಯಿದೆ ಎಂದು ಯಾರಾದರೂ ಹೇಳಿದ ಕೂಡಲೇ ಅದನ್ನು ಸುಧಾರಿಸುವುದು ರಾಜೇಂದ್ರನ ಗುಣ.

ಸುಧಾರಣೆಗೆ ಬೆಳ್ಳಂದೂರಿನಿಂದ ಮನು ಬಂದ. ಬ್ರ್ಯಾಂಡ್ ಸಲಹೆಗಾರ. ಯಾವುದೋ ಪ್ರದರ್ಶನದಲ್ಲಿ ರಾಜೇಂದ್ರನ ಪರಿಚಯವಾದವನು. ಕೂದಲನ್ನು ಹಿಂದೆ ಗಂಟು ಹಾಕಿದ್ದ, ಬಿಳಿ ಶೂ ಹಾಕಿದ್ದ. ಆ ಶೂಗೆ ಎಣ್ಣೆ ತಾಕದಂತೆ ಶೆಡ್ಡಿನ ಉದ್ದಕ್ಕೂ ರಟ್ಟು ಹಾಸಿ ದಾರಿ ಮಾಡಿಕೊಟ್ಟರು. ಮನು ಲ್ಯಾಪ್‌ಟಾಪಿನಲ್ಲಿ ನಲವತ್ತು ಪುಟ ತೋರಿಸಿದ. ಒಂದರಲ್ಲಿ ಶಾರ್ಕು ಕನ್ನಡಕ ಹಾಕಿಕೊಂಡಿತ್ತು.

"ಗುರು, ಪ್ರಾಬ್ಲಂ ಏನಂದ್ರೆ, ಇದು ಸಕ್ಕತ್ ಡಲ್ಲಾಗಿದೆ," ಎಂದ ಮನು. "ಒಂದು ಸೈಡ್ ಮಾತ್ರ ಶೈನ್ ಯಾಕೆ? ಎರಡೂ ಸೈಡ್ ಮಿರರ್ ಮಾಡಿ. ರೇನ್‌ಬೋ ಸ್ಟಿಕ್ಕರ್ ಹಾಕೋಣ. ಚಿಕ್ಕ ಎಲ್‌ಇಡಿ ಒಂದು. ಹೆಸರು ಮಿಂಚುಳ್ಳಿ ಪ್ರೊ."

"ಆಹಾ," ಎಂದ ರಾಜೇಂದ್ರ.

"ಆಮೇಲೆ ಈ ಬೆಂಡ್. ಬಾಕ್ಸಲ್ಲಿಟ್ಟು ಫೋಟೋ ತೆಗೆದ್ರೆ ಲೋಗೋ ಸೊಟ್ಟ ಕಾಣುತ್ತೆ. ತೆಗೆದ್ಬಿಡಿ."

ಹೀಗೆ ಬಾಗು ಹೋಯಿತು. ಒಂದು ಕೆಲಸ ಕಡಿಮೆಯಾಯಿತೆಂದು ತಗಡು ಒತ್ತುವ ಪ್ರೆಸ್ಸು ನಡೆಸುವ ಯಮನೂರನಿಗೂ ಮೊದಲು ಖುಷಿಯೇ ಆಯಿತು. ವಾರದೊಳಗೆ ಮಿಂಚುಳ್ಳಿ ಪ್ರೊ ಮಹಾನಂದಾಳ ಮೇಜಿಗೆ ಬಂದು ಬಿತ್ತು. ನಿಜಕ್ಕೂ ಹೊಳೆಯುತ್ತಿತ್ತು. ಅದರಲ್ಲಿ ಅವಳಿಗೆ ತನ್ನ ಮೂಗಿನ ಮೇಲಿನ ಬೆವರು ಕೂಡ ಕಂಡಿತು. ಗೀರಿಲ್ಲ, ಕಲೆಯಿಲ್ಲ. ಆದರೂ ಏನೋ ಸರಿಯಿಲ್ಲವೆನಿಸಿ, ಉಳಿದುಕೊಂಡಿದ್ದ ಒಂದು ಹಳೆಯ ತಗಡಿಗೂ ಒಂದು ಹೊಸದಕ್ಕೂ ನೈಲಾನ್ ದಾರ ಕಟ್ಟಿ, ಮಾಲು ತೊಳೆಯುವ ನೀಲಿ ಡ್ರಮ್ಮಿನ ಹತ್ತಿರ ಹೋದಳು. "ಯಮನೂರಣ್ಣ, ಇದನ್ನ ಒಳಗ ಬಿಟ್ಟು ದಂಡಿಗುಂಟ ಎಳಕೋತ ತಿರುಗಪಾ," ಎಂದಳು.

ಯಮನೂರ ಡ್ರಮ್ಮಿನ ಸುತ್ತ ಗಾಣದ ಎತ್ತಿನ ಹಾಗೆ ತಿರುಗಿದ. ಹಳೆಯ ತಗಡು ನೀರಿನಲ್ಲಿ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ಹೊರಳುತ್ತ, ಒಮ್ಮೆ ಬೆಳಗಿ ಒಮ್ಮೆ ಆರಿ, ಮಾಡಿನ ಮೇಲೆಲ್ಲ ಬೆಳಕು ಚೆಲ್ಲಿತು. ಹೊಸದು ಚಾಕುವಿನ ಹಾಗೆ ನೀರು ಸೀಳಿಕೊಂಡು ಸುಮ್ಮನೆ ಹೋಯಿತು. ಇನ್ನೂ ಜೋರಾಗಿ ಎಳೆದಾಗ ನೀರಿನ ಮೇಲೆ ಬಂದು ಚಪ್ಪಟೆ ಮಲಗಿತು.

ಮಹಾನಂದಾ ಎರಡನ್ನೂ ಒರೆಸಿಕೊಂಡು ಮಾಲೀಕನ ಕೋಣೆಗೆ ಹೋದಳು. ಮನು ಅಲ್ಲೇ ಕೂತಿದ್ದ.

"ಸಾರ್, ಬಾಗು ಇಲ್ಲಂದ್ರ ಇದು ಹೊರಳೂದಿಲ್ರಿ. ಹೊರಳದಿದ್ರ ಮಿಂಚೂದಿಲ್ಲ. ಡ್ರಮ್ಮಿನ್ಯಾಗ ಎಳದು ನೋಡಿದ್ವಿ."

ರಾಜೇಂದ್ರ ಕುರ್ಚಿಯಲ್ಲಿ ಹಿಂದಕ್ಕೊರಗಿದ. "ಸಮುದ್ರ ನೋಡಿದ್ದೀಯೇನಮ್ಮಾ?"

"ಇಲ್ರಿ."

"ಮೀನು ತಿಂತೀಯಾ?"

"ಇಲ್ರಿ."

"ಮತ್ತೆ?"

ಮನು ನಕ್ಕ. ಕೆಟ್ಟವನೇನಲ್ಲ, ತಿಳಿಸಿ ಹೇಳುವ ಉತ್ಸಾಹ ಅವನಿಗೆ. "ಅಕ್ಕ, ಒಂದು ವಿಷ್ಯ ಅರ್ಥ ಮಾಡ್ಕೊಳ್ಳಿ. ಇದನ್ನ ಕೊಳ್ಳೋದು ಮೀನಲ್ಲ, ಮನುಷ್ಯ."

"ಒಮ್ಮೆ ಕೊಳ್ತಾನ್ರಿ," ಎಂದಳು ಮಹಾನಂದಾ.

ರಾಜೇಂದ್ರ ಎರಡೂ ತಗಡನ್ನು ಅವಳ ಕಡೆ ತಳ್ಳಿ, "ಹೋಗಮ್ಮಾ, ಬೆರಳಚ್ಚು ಬೀಳದ ಹಾಗೆ ಒರೆಸಿ ಪ್ಯಾಕ್ ಮಾಡು, ಅದು ನಿನ್ನ ಕೆಲಸ," ಎಂದ. ಅವಳು ಹೋಗಿ ಒರೆಸಿದಳು. ತಪಾಸಣೆ ಹಾಳೆಯ ಷರಾ ಕಾಲಮ್ಮಿನಲ್ಲಿ 'ಬಾಗು ಇಲ್ಲ, ನೀರಿನಲ್ಲಿ ಹೊರಳುವುದಿಲ್ಲ' ಎಂದು ಬರೆದು, ಸಹಿ ಮಾಡುವ ಜಾಗ ಖಾಲಿ ಬಿಟ್ಟು ಕಳಿಸಿದಳು. ಆ ಹಾಳೆಯನ್ನು ಓದುವ ಅಭ್ಯಾಸ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ.

ಮಿಂಚುಳ್ಳಿ ಪ್ರೊವನ್ನು ಸಮುದ್ರದಲ್ಲೇ ಬಿಡುಗಡೆ ಮಾಡಿ ವಿಡಿಯೋ ತೆಗೆಯಬೇಕೆಂದು ಮನು ಹಟ ಹಿಡಿದ. ಅದರಲ್ಲಿ ಮಾಲೀಕನಿರಬೇಕು, ಸಮುದ್ರವಿರಬೇಕು, ತಯಾರಿಸಿದ ಕೈಗಳಿರಬೇಕು. ಕೈಗಳೆಂದರೆ ಹೆಣ್ಣಿನ ಕೈಗಳಾದರೆ ಒಳ್ಳೆಯದು, ಜನ ನಿಂತು ನೋಡುತ್ತಾರೆ. ಹೀಗೆ ಮಹಾನಂದಾ ಮಲ್ಪೆಗೆ ಹೊರಟಳು. ಅವಳಿಗೊಂದು ಬಿಳಿ ಕೋಟು ಹೊಲಿಸಿದ್ದರು. ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಬಂದರಿನಲ್ಲಿ ಮೊದಲ ಚಿತ್ರ ತೆಗೆಯುವಾಗ ಮನು ಅವಳ ಕೈ ನೋಡಿ ಬೆಚ್ಚಿದ. ಒಂಬತ್ತು ವರ್ಷದ ಪಾಲಿಶ್ ಮಸಿ ಉಗುರಿನ ಸಂದಿಯಲ್ಲಿ ಕೂತಿತ್ತು. ಕೂಡಲೇ ಔಷಧಿ ಅಂಗಡಿಯಿಂದ ನೀಲಿ ಗ್ಲೌಸು ತರಿಸಿ ತೊಡಿಸಿದ. ತಯಾರಿಸಿದ ಕೈಗಳ ಕಥೆ ಗ್ಲೌಸಿನೊಳಗೆ ಚಿತ್ರೀಕರಣವಾಯಿತು.

ಬೆಳಿಗ್ಗೆ ಏಳಕ್ಕೆ ದೋಣಿ ಬಂದರು ಬಿಟ್ಟಿತು. ಪರಮಾನಂದನೇ ಚುಕ್ಕಾಣಿ ಹಿಡಿದಿದ್ದ. ದಡ ಕರಗಿ ಗೆರೆಯಾಗಿ, ಗೆರೆಯೂ ಅಳಿಸಿಹೋದಾಗ ಮಹಾನಂದಾ ಅಂಚಿನ ಸರಳು ಹಿಡಿದು ಬಾಯಿ ತೆರೆದು ನೋಡುತ್ತಿದ್ದಳು. ಇಷ್ಟೊಂದು ನೀರು, ಯಾರೊಬ್ಬರ ಕೊಡಕ್ಕೂ ಬಾರದ ನೀರು! ಚಿಕ್ಕಬಾಣಾವರದಲ್ಲಿ ಟ್ಯಾಂಕರಿಗೆ ಸಾಲು ಹಚ್ಚುವ ಹೆಂಗಸರಿಗೆ ಇದನ್ನು ಹೇಗೆ ಹೇಳುವುದೆಂದು ಯೋಚಿಸಿದಳು. ಅವಳಿಗೆ ಹೊಟ್ಟೆ ತೊಳಸುತ್ತದೆಂದು ಎಲ್ಲರೂ ಹೆದರಿಸಿದ್ದರು. ಅವಳಿಗೇನೂ ಆಗಲಿಲ್ಲ. ಹಿಂದಿನ ರಾತ್ರಿ ಏಡಿ, ಸಿಗಡಿ, ಕಾಣೆ ಮೀನು ಎಲ್ಲವನ್ನೂ ತರಿಸಿಕೊಂಡು ತಿಂದಿದ್ದ ಮನು ಮಾತ್ರ ಅರ್ಧ ಗಂಟೆಯೊಳಗೆ ದೋಣಿಯ ಅಂಚಿಗೆ ಬಾಗಿ, ಅವೆಲ್ಲವನ್ನೂ ಒಂದೊಂದಾಗಿ ಸಮುದ್ರಕ್ಕೆ ವಾಪಸು ಕೊಡತೊಡಗಿದ.

ರಾಜೇಂದ್ರ ಪೆಟ್ಟಿಗೆ ತೆರೆದು ಮಿಂಚುಳ್ಳಿ ಪ್ರೊ ಎತ್ತಿ ತೋರಿಸಿದ. ಪರಮಾನಂದ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದೇ ಇನ್ನೊಂದು ಕೈಯಲ್ಲಿ ಇಸಕೊಂಡು, ಹೆಬ್ಬೆರಳಿನಲ್ಲಿ ಮೂಲೆ ಸವರಿದ.

"ಬಾಗು ಎಲ್ಲಿ?"

"ಡಿಸೈನ್ ಇಂಪ್ರೂವ್ ಮಾಡಿದ್ದೀವಿ."

"ಮೀನಿಗೆ ತಿಳಿಸಿದ್ದೀರಾ?"

ರಾಜೇಂದ್ರ ಅದನ್ನು ತಮಾಷೆಯೆಂದುಕೊಂಡು ನಕ್ಕ. ಪರಮಾನಂದ ನಗಲಿಲ್ಲ. ಗಾಳದ ಕಡ್ಡಿಯ ದಾರಕ್ಕೆ ತಗಡು ಕಟ್ಟಿ, ಅದರ ಹಿಂದೆ ಗಾಳಕ್ಕೆ ಬೂತಾಯಿ ಮೀನು ಸಿಕ್ಕಿಸಿ, ನೀರಿಗೆ ಬಿಟ್ಟ. ದೋಣಿ ಮೆಲ್ಲಗೆ ಹೊರಟಿತು. ಹಿಂದೆ ಮಿಂಚುಳ್ಳಿ ಪ್ರೊ ನೀರಿನಾಳಕ್ಕೆ ಇಳಿಯುವ ಬದಲು ಮೇಲಕ್ಕೆ ಬಂದು, ಮಕ್ಕಳು ಕೆರೆಗೆ ಎಸೆದ ಬಿಲ್ಲೆಯ ಹಾಗೆ ಪಟಪಟ ಹಾರತೊಡಗಿತು. ಎಲ್‌ಇಡಿ ಬಿಸಿಲಿನಲ್ಲಿ ಯಾರಿಗೂ ಕಾಣದ ಹಾಗೆ ಮಿಣುಕಿ ಮಿಣುಕಿ, ಉಪ್ಪು ನೀರು ಒಳಗೆ ಹೋದದ್ದೇ ಸತ್ತಿತು. ಕಾಮನಬಿಲ್ಲಿನ ಸ್ಟಿಕ್ಕರು ಕಿತ್ತುಕೊಂಡು ಅಲೆಯ ಮೇಲೆ ಪಶ್ಚಿಮದ ಕಡೆ ಹೋಯಿತು.

ಒಂದು ಗಂಟೆಯಾಯಿತು. ಎರಡಾಯಿತು. ರಾಜೇಂದ್ರ ತಗಡು ಬದಲು ಮಾಡಿಸಿದ, ದಾರ ಉದ್ದ ಮಾಡಿಸಿದ, ದೋಣಿಯನ್ನು ಬೇರೆ ದಿಕ್ಕಿಗೆ ತಿರುಗಿಸಲು ಹೇಳಿದ, ಕೊನೆಗೆ ಮೀನೇ ಇಲ್ಲದ ಕಡೆ ಕರಕೊಂಡು ಬಂದಿದ್ದೀಯೆಂದು ಪರಮಾನಂದನ ಮೇಲೆ ಹರಿಹಾಯ್ದ.

"ಮೀನು ಉಂಟು," ಎಂದ ಪರಮಾನಂದ ಶಾಂತವಾಗಿ. "ನಿಮ್ಮನ್ನು ನೋಡಿ ದೂರ ನಿಂತದ್ದು."

ಮಹಾನಂದಾಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ಕೀಲು ಸರಿಯಾಗಿ ಮಡಚದಿದ್ದರೂ ಅದನ್ನು ಪಕ್ಕಕ್ಕಿಡುವವರೆಗೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಇಲ್ಲಿ ಕಣ್ಣೆದುರೇ ತಪ್ಪು ಮಾಲು ಎರಡು ಗಂಟೆಯಿಂದ ನೀರಿನ ಮೇಲೆ ಕುಣಿಯುತ್ತಿತ್ತು. ಗ್ಲೌಸು ಕಿತ್ತು ಕೋಟಿನ ಜೇಬಿಗೆ ತುರುಕಿದಳು.

"ಅಣ್ಣಾರ, ಇಕ್ಕಳ ಐತೇನ್ರಿ?"

ಪರಮಾನಂದ ಕಾಲಿನಿಂದ ಸಾಮಾನಿನ ಪೆಟ್ಟಿಗೆ ಅವಳ ಕಡೆ ತಳ್ಳಿದ. ಅವಳು ಒಂದು ತಗಡಿನ ಮೂಲೆಯನ್ನು ಇಂಜಿನಿನ ಮುಚ್ಚಳದ ಸಂದಿಗೆ ಕೊಟ್ಟು ಮೊಣಕಾಲಿನಿಂದ ಒತ್ತಿದಳು. ಅದು ನೀರಿಗೆ ಬಿದ್ದ ಕೂಡಲೇ ಫ್ಯಾನಿನ ಹಾಗೆ ಗರಗರ ತಿರುಗಿ ದಾರವನ್ನೆಲ್ಲ ಹುರಿಗಟ್ಟಿಸಿತು. "ಜಾಸ್ತಿ ಆಯ್ತು," ಎಂದ ಪರಮಾನಂದ. ದಾರ ಬಿಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಎರಡನೆಯದಕ್ಕೆ ಮಹಾನಂದಾ ಕಣ್ಣು ಮುಚ್ಚಿಕೊಂಡು, ಶೆಡ್ಡಿನಲ್ಲಿ ಮಡಚಿದ್ದ ರಟ್ಟಿನ ಓರೆ ನೆನಪಿಸಿಕೊಂಡು, ಇಕ್ಕಳದಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿದಳು. ಹೊಳಪಿನ ಮೇಲೆ ಇಕ್ಕಳದ ಹಲ್ಲು ಮೂಡಿ ಗೀರೆದ್ದವು. ಗೀರಿಗಾಗಿ ಎಷ್ಟು ಸಾವಿರ ಮಾಲು ಪಕ್ಕಕ್ಕೆಸೆದವಳು, ಅವತ್ತು ಗೀರನ್ನು ನೋಡಿಯೂ ಬಿಟ್ಟಳು.

ಆ ತಗಡು ನೀರಿಗಿಳಿದು, ಹೊರಳಿತು. ಬೆಳ್ಳಗೆ ಬೆಳಗಿ, ಆರಿ, ಮತ್ತೆ ಬೆಳಗಿತು. ಹಸಿರು ನೀರಿನಾಳದಲ್ಲಿ ಯಾರೋ ಕನ್ನಡಿ ಆಡಿಸಿ ಕರೆಯುತ್ತಿರುವ ಹಾಗಿತ್ತು. ಪರಮಾನಂದ ಚುಕ್ಕಾಣಿಯಿಂದ ಕತ್ತು ಹೊರಳಿಸಿ ನೋಡಿದ. "ಹಾಂ, ಈಗ ಮಾತಾಡ್ತಾ ಉಂಟು."

ಅರ್ಧ ಗಂಟೆ ಕಳೆದ ಮೇಲೆ ಕಡ್ಡಿ ಥಟ್ಟನೆ ಬಾಗಿತು. ರೀಲು ಕಿರ್ರೆಂದು ಕಿರುಚಿಕೊಂಡು ದಾರ ಬಿಟ್ಟಿತು. ಪರಮಾನಂದ ಚುಕ್ಕಾಣಿಯನ್ನು ಮಹಾನಂದಾಗೆ ಕೊಟ್ಟು, "ನೇರ ಹಿಡೀರಿ ಅಕ್ಕ, ಅಷ್ಟೇ," ಎಂದು ಕಡ್ಡಿಗೆ ಹಾರಿದ. ಎಳೆದ, ಬಿಟ್ಟ, ಎಳೆದ. ಕೊನೆಗೆ ತೋಳುದ್ದದ ಅಂಜಲ್ ಮೀನು ದೋಣಿಯೊಳಗೆ ಬಿದ್ದು ಪಟಪಟ ಬಡಿಯಿತು. ಅದರ ಮೈ ಯಾವ ಪಾಲಿಶಿಗೂ ಬಾರದ ಹಾಗೆ ಬೆಳಗುತ್ತಿತ್ತು. ಮಹಾನಂದಾಗೆ ಮೀನನ್ನು ನೋಡಿ ಪಾಪ ಎನಿಸಿತು, ತಗಡನ್ನು ನೋಡಿ ಹೆಮ್ಮೆ ಎನಿಸಿತು. ಎರಡೂ ಒಟ್ಟಿಗೇ ಬಂದದ್ದರಿಂದ ಏನು ಮಾಡಬೇಕೋ ತಿಳಿಯದೆ ಚುಕ್ಕಾಣಿಯನ್ನು ಗಟ್ಟಿ ಹಿಡಿದು ನೇರ ನೋಡುತ್ತ ನಿಂತಳು.

ಸತ್ತಂತೆ ಬಿದ್ದಿದ್ದ ಮನು ಎದ್ದು ಕೂತ. ಫೋನು ಹೊರಗೆ ಬಂತು. ರಾಜೇಂದ್ರ ಕೂದಲು ಬಾಚಿಕೊಂಡು ಮೀನನ್ನು ಎತ್ತಿ ಹಿಡಿದ.

"ಇನ್ನೊಂದು ಕೈಯಲ್ಲಿ ಪ್ರಾಡಕ್ಟ್ ಹಿಡ್ಕೊಳ್ಳಿ ಗುರು," ಎಂದ ಮನು.

ರಾಜೇಂದ್ರ ಮೀನು ಹಿಡಿದ ತಗಡಿಗೆ ಕೈ ಹಾಕಿದ.

"ಅಯ್ಯೋ, ಅದು ಬೇಡ, ಗೀರಾಗಿದೆ. ಬಾಕ್ಸಿಂದ ಫ್ರೆಶ್ ಪೀಸ್ ತಗೊಳ್ಳಿ. ಅಕ್ಕ, ಸ್ವಲ್ಪ ಆ ಕಡೆ ಸರೀರಿ, ನಿಮ್ ನೆರಳು ಬೀಳ್ತಿದೆ."

ಮಹಾನಂದಾ ಸರಿದಳು. ರಾಜೇಂದ್ರ ಒಂದು ಕೈಯಲ್ಲಿ ಅಂಜಲ್, ಇನ್ನೊಂದರಲ್ಲಿ ನೀರೇ ಮುಟ್ಟದ ಚಪ್ಪಟೆ ತಗಡು ಹಿಡಿದು, ಪೀಣ್ಯದ ಕನಸು ಅರಬ್ಬಿ ಸಮುದ್ರ ತಲುಪಿದ ಬಗ್ಗೆ ನಾಲ್ಕು ನಿಮಿಷ ಮಾತಾಡಿದ. ಪರಮಾನಂದ ಬೀಡಿ ಹಚ್ಚಿ ಮಹಾನಂದಾಳ ಪಕ್ಕ ಬಂದು ನಿಂತ.

"ಅಕ್ಕ, ಮೀನು ಮಾಡಿಸ್ತೇನೆ, ಊಟಕ್ಕೆ ಬನ್ನಿ ಮನೆಗೆ."

"ನಾವು ತಿನ್ನೂದಿಲ್ರಿ ಅಣ್ಣಾರ."

ಪರಮಾನಂದ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ತಿನ್ನದವರು ಹಿಡಿಸ್ತೀರಿ, ಹಿಡಿಯದವರು ಭಾಷಣ ಮಾಡ್ತಾರೆ. ಎಂತ ಕಂಪನಿ ಮಾರಾಯ್ರೆ ನಿಮ್ದು!"

ವಿಡಿಯೋ ಓಡಿತು. ಲಕ್ಷಗಟ್ಟಲೆ ಜನ ನೋಡಿದರು. ವೈಟ್‌ಫೀಲ್ಡಿನಿಂದ, ಎಲೆಕ್ಟ್ರಾನಿಕ್ ಸಿಟಿಯಿಂದ, ಸಮುದ್ರಕ್ಕೆ ವರ್ಷಕ್ಕೊಮ್ಮೆ ಕಾಲು ತೊಳೆಯಲು ಹೋಗುವವರೆಲ್ಲ ಮಿಂಚುಳ್ಳಿ ಪ್ರೊ ಬೇಕೆಂದರು. ಮಲ್ಪೆಯಿಂದ ಮಾತ್ರ ಒಂದೇ ಸಾಲಿನ ಸಂದೇಶ ಬಂತು: ಬಾಗು ಇರಬೇಕು, ಪ್ರತಿ ಪೆಟ್ಟಿಗೆಯ ತಪಾಸಣೆ ಹಾಳೆಯಲ್ಲೂ ಆ ಅಕ್ಕನ ಸಹಿ ಇರಬೇಕು, ಇಲ್ಲದ ಪೆಟ್ಟಿಗೆಯನ್ನು ಲಾರಿಯಿಂದ ಇಳಿಸುವುದೇ ಇಲ್ಲ.

ರಾಜೇಂದ್ರ ಎರಡು ದಿನ ಮುಖ ಊದಿಸಿಕೊಂಡಿದ್ದು ಮೂರನೇ ದಿನ ಬಾಗನ್ನು ವಾಪಸು ತಂದ. ಅದಕ್ಕೆ 'ರಾಜೇಂದ್ರ ಕರ್ವ್' ಎಂದು ಹೆಸರಿಟ್ಟ. ನಡುಸಮುದ್ರದಲ್ಲಿ ತನಗೆ ಹೊಳೆದದ್ದೆಂದು ಮನುವಿನ ಮುಂದೆ ಹೇಳಿದ. ಮನು ಅದನ್ನು ನಂಬಿದ, ಅವನು ಆಗ ಅಂಚಿಗೆ ಬಾಗಿದ್ದನಲ್ಲವೇ. ಮಹಾನಂದಾಗೆ ಇಂಗ್ಲಿಷಿನಲ್ಲಿ ಬರೆದ, ಲ್ಯಾಮಿನೇಶನ್ ಮಾಡಿಸಿದ ಒಂದು ಪ್ರಶಸ್ತಿಪತ್ರ ಸಿಕ್ಕಿತು.

ಆದರೆ ಗೋದಾಮಿನಲ್ಲಿ ಇನ್ನೂ ಎಂಟುನೂರು ಚಪ್ಪಟೆ ತಗಡು ಬಿದ್ದಿದ್ದವು. ಒಂದು ಸಂಜೆ ರಾಜೇಂದ್ರ ಅವಳ ಮೇಜಿಗೇ ಬಂದ. ಬಹಳ ಮೆತ್ತಗೆ, "ಮೇಲೆ ಬಾಗಿರೋದು, ಅಡಿಯಲ್ಲಿ ಇವು. ಮಲ್ಪೆಗೆ ಹೋಗೋ ಪೆಟ್ಟಿಗೆಗೆ ಇವನ್ನ ನಾಲ್ಕು ನಾಲ್ಕೇ ಹಾಕು. ಯಾರು ನೋಡ್ತಾರೆ?" ಎಂದ.

"ಮೀನು ನೋಡ್ತಾವಲ್ರಿ."

"ತಲೆಹರಟೆ ಬೇಡ ಮಹಾನಂದಾ. ಸಹಿ ಹಾಕು."

ಅವಳು ಮೇಜಿನ ಖಾನೆಯಿಂದ ಕೆಂಪು ಮಾರ್ಕರು ತೆಗೆದು, ಅವನೆದುರಿಗೇ ಮೊದಲ ಚಪ್ಪಟೆ ತಗಡಿಗೆ, ಕೆಟ್ಟ ಮಾಲೆಂಬ ಗುರುತಿಗೆ, ಅಡ್ಡ ಗೀಟೆರಡು ಎಳೆದಳು. ಎರಡನೆಯದಕ್ಕೂ ಎಳೆದಳು. ಪ್ರೆಸ್ಸಿನ ಸದ್ದು ನಿಂತಿತು, ಯಮನೂರ ಇತ್ತಲೇ ನೋಡುತ್ತಿದ್ದ. ರಾಜೇಂದ್ರ ಕೂಗಾಡಿದ. ಒಂಬತ್ತು ವರ್ಷದ ಅನ್ನ, ನಂಬಿಕೆ, ದೋಣಿಯಲ್ಲಿ ಕೂರಿಸಿಕೊಂಡು ಹೋದದ್ದು, ಎಲ್ಲ ಬಂತು. ಮಹಾನಂದಾ ಕೇಳಿಸಿಕೊಳ್ಳುತ್ತ ಹನ್ನೊಂದನೆಯದರವರೆಗೆ ಹೋಗಿ, ಆಮೇಲೆ ತಪಾಸಣೆ ಹಾಳೆಯನ್ನೂ ಪೆನ್ನನ್ನೂ ಅವನ ಕಡೆ ಸರಿಸಿದಳು.

"ಹಂಗಾದ್ರ ನೀವ ಹಾಕ್ರಿ ಸಾರ್. ನಿಮ್ಮ ಹೆಸರಿನ ಬಾಗು ಅಲ್ಲೇನ್ರಿ?"

ರಾಜೇಂದ್ರ ಪೆನ್ನು ಎತ್ತಿಕೊಂಡ. ಹಾಳೆ ನೋಡಿದ. ಕಾರ್ಡಿನ ಮೇಲೆ, ಬೋರ್ಡಿನ ಮೇಲೆ, ಕೋಟಿನ ಬೆನ್ನ ಮೇಲೆ ಹೆಸರು ಹಾಕಿಸಿಕೊಳ್ಳುವವನಿಗೆ ಆ ಅರ್ಧ ಇಂಚಿನ ಜಾಗ ಯಾಕೋ ಬೇಡವೆನಿಸಿತು. ಯಾವುದೋ ಫೋನು ಬಂದವನಂತೆ ಕಿವಿಗೆ ಕೈ ಹಚ್ಚಿಕೊಂಡು ಹೊರಟುಹೋದ. ಫೋನು ಮೇಜಿನ ಮೇಲೇ ಇತ್ತು.

ಎಂಟುನೂರಕ್ಕೂ ದಾರಿ ತೋರಿಸಿದವನು ಮನು. ಅವನ ಅಪಾರ್ಟ್‌ಮೆಂಟಿನಲ್ಲಿ ಪಾರಿವಾಳದ ಕಾಟ. ಬಾಲ್ಕನಿಯಲ್ಲಿ ಹೊಳೆಯುವುದೇನಾದರೂ ತೂಗುಬಿಟ್ಟರೆ ಅವು ಹೆದರುತ್ತವಂತೆ. ಕೆಂಪು ಗೀಟನ್ನು ನೋಡಿ ಅವನಿಗೆ ರೋಮಾಂಚನವೇ ಆಯಿತು. ಅಪಾಯದ ಗುರುತಿನ ಹಾಗೆ ಸಕ್ಕತ್ತಾಗಿದೆ, ಎಲ್ಲದಕ್ಕೂ ಹಾಕಿಸಿ ಎಂದ. ಅದಕ್ಕೆ 'ಮಿಂಚುಳ್ಳಿ ಹೋಮ್' ಎಂದು ಹೊಸ ಪೆಟ್ಟಿಗೆ ಅಚ್ಚಾಯಿತು. ಆ ಉಳಿದ ಏಳುನೂರ ಎಂಬತ್ತೊಂಬತ್ತಕ್ಕೂ ಗೀಟು ಹಾಕುವಾಗ ಮಹಾನಂದಾಗೆ ಬಂದಷ್ಟು ನಗು ಆ ಶೆಡ್ಡಿನಲ್ಲಿ ಹಿಂದೆ ಯಾವತ್ತೂ ಬಂದಿರಲಿಲ್ಲ.

ಮೊದಲ ಗಿರಾಕಿಗೆ ಕಟ್ಟಿಕೊಡಲು ಅವಳನ್ನೂ ಯಮನೂರನನ್ನೂ ಬೆಳ್ಳಂದೂರಿಗೆ ಕಳಿಸಿದರು. ಕಾವಲುಗಾರ ಇಬ್ಬರ ಫೋಟೋ ತೆಗೆದುಕೊಂಡು, ಸಾಮಾನು ಹೋಗುವ ಲಿಫ್ಟಿನಲ್ಲಿ ಹನ್ನೊಂದನೇ ಮಹಡಿಗೆ ಹತ್ತಿಸಿದ. ಮನೆಯೊಡತಿ ಯಮುನಾ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡೇ ಬಾಗಿಲು ತೆಗೆದು, ಬಾಲ್ಕನಿ ತೋರಿಸಿ, ಯಾರಿಗೋ ಇಂಗ್ಲಿಷಿನಲ್ಲಿ ಎರಡು ನಿಮಿಷ ಎಂದಳು. ಕೆಳಗೆ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು, ದೂರದಿಂದ ನೋಡಲು ಚೆಂದವಾಗಿಯೇ ಇತ್ತು. ಯಮನೂರ ಮೊದಲ ನಾಲ್ಕು ತಗಡು ಕಟ್ಟಿದ. ಗಾಳಿಗೆ ಅವು ಒಂದಕ್ಕೊಂದು ತಾಕಿ ಟಣ್ ಎಂದವು.

ಯಮುನಾ ಹೆಡ್‌ಫೋನು ಕುತ್ತಿಗೆಗೆ ಇಳಿಸಿ ಬಂದು ನಿಂತಳು. "ಇದು ನಿಜ್ವಾಗ್ಲೂ ವರ್ಕ್ ಆಗುತ್ತಾ?"

ಯಮನೂರ ಮಹಾನಂದಾಳ ಕಡೆ ನೋಡಿದ. ಮನು ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಒಂದು ಹಾಳೆಯಲ್ಲಿ ಬರೆದೇ ಕೊಟ್ಟಿದ್ದ.

"ಎರಡು ದಿನ ಹೆದರ್ತಾವ್ರಿ ಮೇಡಂ," ಎಂದಳು ಮಹಾನಂದಾ. "ಮೂರನೇ ದಿನಕ್ಕ ಗೊತ್ತಾಗ್ತದ, ವಾಪಸ್ ಬರ್ತಾವು."

ಅಷ್ಟರಲ್ಲೇ ಒಂದು ಪಾರಿವಾಳ ಬಂದು ಏಸಿ ಪೆಟ್ಟಿಗೆಯ ಮೇಲೆ ಕೂತಿತು. ತೂಗುತ್ತಿದ್ದ ತಗಡಿನಲ್ಲಿ ತನ್ನನ್ನು ನೋಡಿಕೊಂಡು, ಕತ್ತು ಕೊಂಕಿಸಿ, ಗರಿ ಉಬ್ಬಿಸಿ ಗುಟುರು ಹಾಕಿತು.

"ಎರಡು ದಿನ ಅಂದ್ರಲ್ಲ?" ಎಂದಳು ಯಮುನಾ.

"ಇದು ಭಾಳ ಶ್ಯಾಣ್ಯಾ ಇದ್ದಂಗೈತ್ರಿ."

ಯಮುನಾ ನಕ್ಕುಬಿಟ್ಟಳು. ತಗಡನ್ನು ಬೆರಳಿನಿಂದ ತಳ್ಳಿ, ಅದರ ಬೆಳಕು ಗೋಡೆಯ ಮೇಲೆ ಓಡುವುದನ್ನು ನೋಡಿದಳು. "ಪರವಾಗಿಲ್ಲ ಬಿಡಿ, ನೋಡೋಕೆ ಚೆನ್ನಾಗಿದೆ. ಬೆಡ್‌ರೂಮ್ ಬಾಲ್ಕನಿಗೂ ಒಂದಾರು ಹಾಕ್ಬಿಡಿ," ಎಂದು ಮತ್ತೆ ಹೆಡ್‌ಫೋನು ಏರಿಸಿಕೊಂಡು ಒಳಗೆ ಹೋದಳು. ಮಹಾನಂದಾ ಯಮನೂರನಿಗೆ ಸ್ಟೂಲು ಎತ್ತಿಕೋ ಎಂದು ಸನ್ನೆ ಮಾಡಿ, ದಾರದ ಉಂಡೆ ಹಿಡಿದು ಇನ್ನೊಂದು ಬಾಲ್ಕನಿಗೆ ನಡೆದಳು. ಪಾರಿವಾಳ ಅವರಿಗಿಂತ ಮೊದಲೇ ಅಲ್ಲಿ ಹೋಗಿ ಕೂತಿತ್ತು.